ವೀಡನ್‌ಹೂಡೆಯ ಚರಿತ್ರೆ ಹೇಳುತ್ತಿದ್ದ ರೇವಣಸಿದ್ದಪ್ಪ

ಟೊರಾಂಟೊ ಸುತ್ತಮುತ್ತಲಿನ ಕನ್ನಡಿಗರಲ್ಲಿ ರೇವಣಸಿದ್ದಪ್ಪನಿಗೆ ‘ಜರ್ಮನ್ ಸಿದ್ದಪ್ಪ’ ಎಂಬ ಹೆಸರು ಬಿದ್ದದ್ದು ಯಾರ ಕಿಡಿಗೇಡಿತನದಿಂದಲೂ ಅಲ್ಲ, ಅವನೇ ಕೈಯಾರೆ ಸಂಪಾದಿಸಿಕೊಂಡದ್ದು. 1995ರ ರಾಜ್ಯೋತ್ಸವದಲ್ಲಿ ‘ನಮ್ಮೂರು’ ಎಂಬ ವಿಷಯದ ಮೇಲೆ ಹಿರಿಯರು ಒಬ್ಬೊಬ್ಬರಾಗಿ ಮಾತಾಡಬೇಕಿತ್ತು. ಥಾರ್ನ್‌ಹಿಲ್ಲಿನ ಶಾಲೆಯೊಂದರ ಜಿಮ್ಮು, ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ಭುವನೇಶ್ವರಿಯ ಪಟ, ಪಕ್ಕದ ಕೋಣೆಯಿಂದ ಬಿಸಿಬೇಳೆಭಾತಿನ ವಾಸನೆ. ಮೈಸೂರಿನವರು ಮೈಸೂರನ್ನು ಹೊಗಳಿ ಕೂತರು. ಬೆಳಗಾವಿಯವರು ಬೆಳಗಾವಿ ಹೇಳಿ ಗಡಿಯ ವಿಷಯಕ್ಕೆ ಸ್ವಲ್ಪ ಗಂಟಲು ಏರಿಸಿದರು. ಹುಬ್ಬಳ್ಳಿಯವನಾದ ರೇವಣಸಿದ್ದಪ್ಪ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಉತ್ತರ ಜರ್ಮನಿಯ ವೀಡನ್‌ಹೂಡೆ ಎಂಬ ಸಣ್ಣ ಊರಿನ ಚರಿತ್ರೆ ಶುರು ಮಾಡಿದ.

ಜನ ಮೊದಲು ತಮಾಷೆ ಅಂದುಕೊಂಡರು. ಅವನು ತಮಾಷೆ ಮಾಡುವ ಆಸಾಮಿಯೇ ಅಲ್ಲ. ಮೊದಲು ಅಲ್ಲಿ ಏನಿತ್ತು? ಜೌಗು. ಜೌಗಿನ ನಡುವೆ ಒಂದು ಹೊಳೆ, ಹೊಳೆಯ ಒಂದು ಕಡೆ ದನ ದಾಟಿಸುವಷ್ಟು ಗಟ್ಟಿ ನೆಲ. ಡೆನ್ಮಾರ್ಕಿನ ಕಡೆಯಿಂದ ಎತ್ತು ಹೊಡೆದುಕೊಂಡು ಬರುವ ವ್ಯಾಪಾರಿಗಳು ಅಲ್ಲೇ ದಾಟುತ್ತಿದ್ದರು. ಹಾಗಾಗಿ ಸುಂಕದ ಕಟ್ಟೆ ಬಂತು. ಸುಂಕ ಕಟ್ಟಿ ಬೇಸರಗೊಂಡವರಿಗೆ ಹೆಂಡದಂಗಡಿ ಬಂತು. ಕುಡಿದವರ ಪಾಪ ತೊಳೆಯಲು ಚರ್ಚು ಬಂತು. ಆಮೇಲೆ ಒಂದು ಬೇಸಿಗೆಯಲ್ಲಿ ರೊಟ್ಟಿ ಸುಡುವವನ ಒಲೆಯಿಂದ ಕಿಡಿ ಹಾರಿ, ಹುಲ್ಲು ಹೊದಿಸಿದ ಮನೆಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಬೂದಿಯಾದವು. ಅವನು ಅಲ್ಲಿಗೆ ಬರುವಷ್ಟರಲ್ಲಿ ಸಂಘದ ಕಾರ್ಯದರ್ಶಿ ಉಮಾಶಂಕರ, ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ, ವೇದಿಕೆಯ ಅಂಚಿಗೆ ಬಂದು ಕೈ ಮುಗಿದ.

“ಸಿದ್ದಪ್ಪನೋರೇ, ಬೇಗ ಬೆಂಕಿ ಆರಿಸಿಬಿಡಿ ಸಾರ್. ಊಟ ತಣ್ಣಗಾಗ್ತಿದೆ.”

ಜಿಮ್ಮು ಇಡೀ ನಕ್ಕಿತು. ರೇವಣಸಿದ್ದಪ್ಪನೂ ನಕ್ಕು ಕೆಳಗಿಳಿದ. ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಜಯಶೀಲಾ ಮಾತ್ರ ತಲೆ ತಗ್ಗಿಸಿಕೊಂಡು ಕೂತಿದ್ದಳು. ಪಾಪ, ಗಂಡನ ಹುಚ್ಚಿಗೆ ನಾಚಿಕೊಂಡಿದ್ದಾಳೆ ಎಂದು ಪಕ್ಕದ ಹೆಂಗಸರು ತಾವೇ ಒಂದಿಷ್ಟು ಮರುಕ ಪಟ್ಟರು. ಮರುಕಕ್ಕೇನು ಖರ್ಚು? ಅವಳು ನಾಚಿಕೊಂಡಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ಆ ಊರಿನ ಮಣ್ಣಿನಲ್ಲಿ ಅವಳ ಚೊಚ್ಚಲ ಮಗಳು ಮಲಗಿದ್ದಳು. ಅದು ಆ ಜಿಮ್ಮಿನಲ್ಲಿ ಅವರಿಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡುವ ಮನಸ್ಸೂ ಅವರಿಗಿರಲಿಲ್ಲ.

ರೇವಣಸಿದ್ದಪ್ಪ ಹುಬ್ಬಳ್ಳಿಯಲ್ಲಿ ಲೇಥ್ ಕಲಿತವನು. ಅರವತ್ತರ ದಶಕದ ನಡುವಿನಲ್ಲಿ, ಮಿಶನ್ ಶಾಲೆಯ ಮೇಷ್ಟ್ರೊಬ್ಬರ ಶಿಫಾರಸಿನ ಮೇಲೆ, ವೀಡನ್‌ಹೂಡೆಯ ಪಂಪಿನ ಕಾರ್ಖಾನೆಗೆ ಕೆಲಸ ಕಲಿಯಲು ಹೋದ. ಜೌಗಿನ ನೀರು ಎತ್ತಿ ಹೊಳೆಗೆ ಸುರಿಯದಿದ್ದರೆ ಆ ಊರೇ ಮುಳುಗುವಂಥದು, ಹಾಗಾಗಿ ಅಲ್ಲಿಯವರು ಪಂಪು ಮಾಡುವುದರಲ್ಲಿ ಗಟ್ಟಿಗರು. ಎರಡು ವರ್ಷದಲ್ಲಿ ಕೆಲಸ ಕಾಯಮಾಯಿತು, ಊರಿಗೆ ಹೋಗಿ ಜಯಶೀಲಾಳನ್ನು ಮದುವೆಯಾಗಿ ಕರೆತಂದ. ಕಾರ್ಖಾನೆಯ ಹಳೆಯ ಮೇಸ್ತ್ರಿಯೊಬ್ಬ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗೆಲ್ಲ ಊರಿನ ಕಥೆ ಹೇಳುತ್ತಿದ್ದ. ಜೌಗಿನ ಕಪ್ಪು ಮಣ್ಣನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಉರುವಲಾಗಿ ದೋಣಿಯಲ್ಲಿ ಪಟ್ಟಣಕ್ಕೆ ಸಾಗಿಸಿದ ಬಡವರ ಕಥೆ. ರೈಲು ಬಂದಾಗ ಹೆದರಿ ಹಾಲು ಕೊಡುವುದನ್ನು ನಿಲ್ಲಿಸಿದ ಹಸುಗಳ ಕಥೆ. ಯುದ್ಧ ಮುಗಿದ ಮೇಲೆ ಪೂರ್ವದಿಂದ ಗಂಟುಮೂಟೆ ಹೊತ್ತು ಬಂದವರಿಂದ ಊರು ಎರಡು ಪಟ್ಟಾಗಿ, ಒಂದೊಂದು ಅಡುಗೆಮನೆಯಲ್ಲಿ ಮೂರು ಮೂರು ಒಲೆ ಉರಿದ ಕಥೆ. ರೇವಣಸಿದ್ದಪ್ಪ ಅದನ್ನೆಲ್ಲ ಸಂಜೆ ಮನೆಗೆ ಹೊತ್ತು ತಂದು, ಕನ್ನಡದಲ್ಲಿ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಹೇಳುತ್ತಿದ್ದ. ಹೊರಗೆ ಮಾತಾಡಲು ಭಾಷೆಯಿಲ್ಲದ ಹೆಂಗಸಿಗೆ ಆ ಊರು ಪರಿಚಯವಾದದ್ದು ಹಾಗೆ.

ಮಗಳು ಹುಟ್ಟಿದಳು. ಅವನ ತಾಯಿಯ ಹೆಸರು, ನೀಲವ್ವ. ಅಜ್ಜಿ ಹುಬ್ಬಳ್ಳಿಯಿಂದ ಯಾರ ಕೈಯಲ್ಲೋ ಪುಟ್ಟ ಲಿಂಗ ಕಳಿಸಿದಳು. ಲಿಂಗ ಕಟ್ಟಲು ಅಯ್ಯನೋರು ಎಲ್ಲಿಂದ ಬರಬೇಕು? ಅಪ್ಪನೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೂಸಿನ ಕೊರಳಿಗೆ ಕಟ್ಟಿದ. ಮಗು ತೆವಳಲು ಕಲಿತಿತ್ತು. ಎರಡನೆಯ ಚಳಿಗಾಲಕ್ಕೆ ಎದೆಗೆ ಕಫ ಕಟ್ಟಿ ಮೂರೇ ದಿನದಲ್ಲಿ ಹೋಗಿಬಿಟ್ಟಿತು.

ಅಲ್ಲಿಯವರು ಒಳ್ಳೆಯವರೇ. ಪಾದ್ರಿ ತಾನೇ ಮನೆಗೆ ಬಂದು, ಸ್ಮಶಾನದ ಪಶ್ಚಿಮದ ಅಂಚಿನಲ್ಲಿ ಜಾಗ ಕೊಡುತ್ತೇವೆ, ನಿಮ್ಮ ಪದ್ಧತಿಯಂತೆ ಮಾಡಿಕೊಳ್ಳಿ ಎಂದ. ನೆಲ ಹೆಪ್ಪುಗಟ್ಟಿತ್ತು, ಗುದ್ದಲಿ ಹಿಡಿದವನು ಹಾರೆಯನ್ನೂ ತರಬೇಕಾಯಿತು. ಬಿಲ್ವಪತ್ರೆಯಿಲ್ಲ, ಹೂವಿಲ್ಲ. ಲಿಂಗವನ್ನು ಕೂಸಿನ ಅಂಗೈಯಲ್ಲಿಟ್ಟು ಮಣ್ಣು ಮಾಡಿದರು. ಮುಂದೆ ಒಂದು ಸಣ್ಣ ಕಲ್ಲು ನಿಂತಿತು. ಅದರ ಮೇಲೆ ‘ನೀಲವ್ವ’ ಎಂದು ರೇವಣಸಿದ್ದಪ್ಪನೇ ಸೀಮೆಸುಣ್ಣದಲ್ಲಿ ಬರೆದುಕೊಟ್ಟ, ಕಲ್ಲುಕುಟಿಗ ಅದೇ ಗೆರೆಯ ಮೇಲೆ ಉಳಿ ಓಡಿಸಿದ.

ಪಾದ್ರಿ ಇನ್ನೊಂದು ಮಾತು ಹೇಳಿದ್ದ. ಈ ಜಾಗ ಇಪ್ಪತ್ತೈದು ವರ್ಷ ನಿಮ್ಮದು, ಆಮೇಲೆ ಬೇಕಿದ್ದರೆ ಮತ್ತೆ ಕೇಳಿಕೊಂಡು ಮುಂದುವರಿಸಬೇಕು, ಇಲ್ಲಿ ಎಲ್ಲರಿಗೂ ಹೀಗೇ ಅಂತ. ರೇವಣಸಿದ್ದಪ್ಪನಿಗೆ ಮಾತೇನೋ ಅರ್ಥವಾಯಿತು, ತಲೆಗೆ ಮಾತ್ರ ಹೋಗಲಿಲ್ಲ. ಲಿಂಗಾಯತರ ಮನುಷ್ಯ ಅವನು. ಅವನ ಮುತ್ತಜ್ಜ ಹೊಲದ ಬದುವಿನಲ್ಲಿ ಕೂತಿದ್ದಾನೆ, ಹೊಲ ಮಾರಿದ ಮೇಲೂ ಕೊಂಡವನು ಆ ಗದ್ದುಗೆಯನ್ನು ಬಿಟ್ಟೇ ನೇಗಿಲು ಹೊಡೆಯುತ್ತಾನೆ. ಹೂತವರನ್ನು ಯಾರಾದರೂ ಎಬ್ಬಿಸುತ್ತಾರೆಯೇ? ಯಾವುದೋ ಮುನಿಸಿಪಾಲಿಟಿಯ ಶಾಸ್ತ್ರ ಇರಬೇಕು ಅಂದುಕೊಂಡ. ಹಾಸಿಗೆ ಹಿಡಿದ ಹೆಂಡತಿ, “ಜಾಗಾ ನಮ್ಮದs ಆತೇನ್ರಿ?” ಎಂದು ಕೇಳಿದಾಗ, “ಕಾಯಂ ನಮ್ಮದು,” ಅಂದ. ಅವಳಿಗೆ ಆವತ್ತು ಬೇಕಾಗಿದ್ದ ಮಾತು ಅದೊಂದೇ ಆಗಿತ್ತು.

ಪೆಟ್ರೋಲಿನ ಬೆಲೆ ಏರಿ ಕಾರ್ಖಾನೆ ಸೊರಗಿದಾಗ ಮೊದಲು ಕೆಲಸ ಹೋದದ್ದು ಹೊರಗಿನವರದು. 1974ರಲ್ಲಿ ಇಬ್ಬರೂ ಕೆನಡಾಕ್ಕೆ ಬಂದರು. ಮೊದಲು ಟೊರಾಂಟೊದಲ್ಲಿ ಯಾರದೋ ಬೇಸ್‌ಮೆಂಟು, ಆಮೇಲೆ ಬ್ರಾಂಪ್ಟನ್ನು, ಕೊನೆಗೆ ನ್ಯೂಮಾರ್ಕೆಟ್ಟಿನಲ್ಲಿ ಕಾರಿನ ಬಿಡಿಭಾಗ ಮಾಡುವ ವರ್ಕ್‌ಶಾಪು, ಅದರ ಹತ್ತಿರವೇ ಒಂದು ಮನೆ. ಮಗ ನಿಜಗುಣ ಇಲ್ಲೇ ಹುಟ್ಟಿದ. ವೀಡನ್‌ಹೂಡೆಗೆ ಹೊಸ ವಿಳಾಸ ತಿಳಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಸತ್ತ ಕೂಸು ಎಲ್ಲಿಗೆ ಹೋದೀತು?

ಆದರೆ ಚರಿತ್ರೆ ಮಾತ್ರ ಜೊತೆಗೇ ಬಂತು. ವಾರದ ರಜೆಯಲ್ಲಿ ಚಹಾ ಮುಗಿದ ಮೇಲೆ ರೇವಣಸಿದ್ದಪ್ಪ ಜೌಗಿನಿಂದ ಶುರು ಮಾಡಿ ಬೆಂಕಿ, ರೈಲು, ಯುದ್ಧ ಎಲ್ಲ ದಾಟಿ, ತಾವು ಊರು ಬಿಟ್ಟ ವರ್ಷಕ್ಕೆ ಬಂದು ನಿಲ್ಲಿಸುತ್ತಿದ್ದ. ಜಯಶೀಲಾ ತಪ್ಪಿದಲ್ಲಿ ತಿದ್ದುತ್ತಿದ್ದಳು. ಮಗಳ ವಿಷಯ ಅದರಲ್ಲಿ ಒಂದು ಮಾತೂ ಬರುತ್ತಿರಲಿಲ್ಲ. ಬೇರೆಯವರು ಮಕ್ಕಳು ಓದುವ ಊರಿನ ಸುದ್ದಿಯನ್ನು ಕುತೂಹಲದಿಂದ ಕೇಳುತ್ತಾರಲ್ಲ, ಇವರದೂ ಅದೇ ಆಗಿತ್ತು.

ಅವನಿಗೆ ಬಹಳ ಹೆಮ್ಮೆಯ ಭಾಗವೆಂದರೆ ಊರಿನ ಸಂತೆಪೇಟೆಯದು. ಹಿಂದೆ ಚರ್ಚಿನ ಸುತ್ತಲೇ ಗೋರಿಗಳಿದ್ದವು. ಊರು ಬೆಳೆಯಿತು, ಸಂತೆಗೆ ಜಾಗ ಸಾಲಲಿಲ್ಲ. ಜಾಣ ಮೇಯರ್ ಒಬ್ಬ ಸ್ಮಶಾನವನ್ನು ಊರ ಹೊರಗೆ ಹಾಕಿಸಿ, ಹಳೆಯದನ್ನು ಸಮ ಮಾಡಿಸಿ, ಕಲ್ಲು ಹಾಸಿಸಿದ. ವೀಡನ್‌ಹೂಡೆ ಹಳ್ಳಿಯ ಲೆಕ್ಕದಿಂದ ಪಟ್ಟಣದ ಲೆಕ್ಕಕ್ಕೆ ಬಂದದ್ದು ಅವತ್ತಿನಿಂದಲೇ ಎಂದು ರೇವಣಸಿದ್ದಪ್ಪ ಕೈಯೆತ್ತಿ ಹೇಳುತ್ತಿದ್ದ.

“ಹಂಗಾದ್ರ ಆ ಹಳೇ ಮಂದಿ ಎಲ್ಲಿ ಹೋದ್ರು?” ಜಯಶೀಲಾ ಒಮ್ಮೆ ಕೇಳಿದ್ದಳು.

“ಎಲ್ಲಿ ಹೋಗ್ತಾರ? ಅಲ್ಲೇ ಅದಾರ. ಮ್ಯಾಲ ಗಜ್ಜರಿ ಮಾರ್ತಾರ ಅಷ್ಟ,” ಎಂದು ಅವನು ನಕ್ಕಿದ್ದ. ಅವಳು ನಗಲಿಲ್ಲ, ಎದ್ದು ಕಪ್ಪು ತೊಳೆಯಲು ಹೋದಳು.

ಒಮ್ಮೆ ಹೋಗಿ ಮಗಳ ಕಲ್ಲು ತೊಳೆದು, ವಿಭೂತಿ ಹಚ್ಚಿ, ಒಂದು ಬಟ್ಟಲು ಹಾಲು ಬಿಟ್ಟು ಬರಬೇಕು. ಜಯಶೀಲಾ ಬದುಕಿನಲ್ಲಿ ಗಂಡನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅವನೂ ಇಲ್ಲ ಎನ್ನಲಿಲ್ಲ, ಮುಂದಿನ ಬ್ಯಾಸಗಿಗೆ ಅನ್ನುತ್ತಿದ್ದ. ತೊಂಬತ್ತೆರಡರಲ್ಲಿ ವರ್ಕ್‌ಶಾಪು ಮುಚ್ಚಿತು. ಐವತ್ತು ದಾಟಿದ ಟರ್ನರ್‌ಗೆ ಯಾರು ಕೆಲಸ ಕೊಡುತ್ತಾರೆ? ಥಾರ್ನ್‌ಹಿಲ್ಲಿನ ಶಾಲೆಯಲ್ಲಿ ನೆಲ ಒರೆಸುವ, ಹಿಮ ಬಳಿಯುವ ಕೆಲಸ ಸಿಕ್ಕಿತು. ಅವನು ರಾಜ್ಯೋತ್ಸವದ ಭಾಷಣ ಮಾಡಿದ ಜಿಮ್ಮು ಅವನೇ ಒರೆಸುತ್ತಿದ್ದ ಜಿಮ್ಮು. ಆಮೇಲೆ ಮಗನ ಯೂನಿವರ್ಸಿಟಿ, ಆಮೇಲೆ ಮನೆಯ ಮಾಡಿನ ದುರಸ್ತಿ. ಬ್ಯಾಸಗಿಗಳು ಬಂದವು, ಹೋದವು. ಸುಮ್ಮನೆ ಕಾರಣ ಹುಡುಕುತ್ತಿದ್ದನೆಂದು ನಾನೇನೂ ಹೇಳುವುದಿಲ್ಲ. ಆದರೆ ಅಲ್ಲಿಗೆ ಹೋಗಿ ಆ ಕಲ್ಲಿನ ಮುಂದೆ ನಿಲ್ಲುವ ಧೈರ್ಯ ಅವನಿಗೂ ಇರಲಿಲ್ಲವೇನೋ. ಚರಿತ್ರೆ ಹೇಳುವುದು ಸುಲಭ.

2002ರಲ್ಲಿ ಜಯಶೀಲಾಳ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ವಿಮಾನ, ಪ್ರವಾಸ ಎಲ್ಲ ಅಲ್ಲಿಗೆ ಮುಗಿಯಿತು. ಆಸ್ಪತ್ರೆಗೆ ನೋಡಲು ಬಂದ ಉಮಾಶಂಕರ, ಒಳ್ಳೆಯ ಮನಸ್ಸಿನಿಂದಲೇ, “ಹೇಳೋಕೆ ಕಷ್ಟ ಸಾರ್, ಆದ್ರೂ ಮುಂದೆ ಬೇಕಾದ್ರೆ ಕ್ರಿಮೇಶನ್‌ದೆಲ್ಲ ನಾನು ಅರೇಂಜ್ ಮಾಡ್ತೀನಿ, ನಂಗೆ ಗೊತ್ತಿರೋರಿದಾರೆ,” ಎಂದು ಕಾರಿಡಾರಿನಲ್ಲಿ ಪಿಸುಗುಟ್ಟಿದ. ರೇವಣಸಿದ್ದಪ್ಪ ಕೆಂಡವಾದ. “ನಮ್ಮಲ್ಲಿ ಸುಡೂದಿಲ್ರೀ. ಹೂಳೂದು. ಇಷ್ಟು ವರ್ಷ ಸಂಗಾಟ ಇದ್ದೀರಿ, ಇಷ್ಟೂ ಗೊತ್ತಿಲ್ಲೇನು?” ಮರುವಾರವೇ ನ್ಯೂಮಾರ್ಕೆಟ್ಟಿನ ಉತ್ತರಕ್ಕಿರುವ ಸ್ಮಶಾನದಲ್ಲಿ ಅಕ್ಕಪಕ್ಕದ ಎರಡು ಜಾಗ ಗೊತ್ತು ಮಾಡಿ ಬಂದು ಹೆಂಡತಿಗೆ ಹೇಳಿದ. ಇಬ್ಬರೂ ಒಟ್ಟಿಗೆ ಇರೋಣ ಅಂದ. ಅವಳಿಗೆ ಸಮಾಧಾನವಾಯಿತು. ಆದರೆ ಒಂದು ಕೇಳಿದಳು. ನೀಲವ್ವನ ಮೇಲಿನ ಒಂದು ಹಿಡಿ ಮಣ್ಣು ತನ್ನ ಜೊತೆ ಹಾಕಬೇಕು.

ನಿಜಗುಣ ಆಗ ಎಂಜಿನಿಯರಾಗಿದ್ದ. 2004ರ ವಸಂತದಲ್ಲಿ ಕಂಪನಿ ಅವನನ್ನು ಹ್ಯಾನೋವರಿನ ಯಂತ್ರಗಳ ಮೇಳಕ್ಕೆ ಕಳಿಸಿತು. ಅಲ್ಲಿಂದ ವೀಡನ್‌ಹೂಡೆಗೆ ರೈಲಿನಲ್ಲಿ ಅರ್ಧ ದಿನದ ದಾರಿ. ಅಕ್ಕನೊಬ್ಬಳಿದ್ದಳು ಎಂಬುದು ಅವನಿಗೆ ಗೊತ್ತಿತ್ತಾದರೂ ಮನೆಯಲ್ಲಿ ಯಾರೂ ಆ ಮಾತು ಆಡಿದ್ದಿಲ್ಲ. ತಾಯಿ ವಿಭೂತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಹಾಲು ಅಲ್ಲೇ ಕೊಳ್ಳು, ಕಾಯಿಸಿದ್ದಿರಲಿ, ತಣ್ಣಂದು ಬಿಡಬ್ಯಾಡ ಎಂದಳು. ಕಸ್ಟಮ್ಸಿನವರು ಮಣ್ಣು ಬಿಡುವುದಿಲ್ಲ ಎಂದು ಮಗ ಹೇಳಿದ್ದಕ್ಕೆ, ಕಾಲುಚೀಲದಾಗ ಹಾಕ್ಕೊಂಡು ಬಾ, ನಿನ್ನ ಕಾಲುಚೀಲ ಯಾವ ಕಸ್ಟಮ್ಸಿನವ ಮೂಸ್ತಾನ ಅಂದಳು. ಬಹಳ ದಿನದ ಮೇಲೆ ಮನೆಯಲ್ಲಿ ಮೂವರೂ ನಕ್ಕಿದ್ದು ಆವತ್ತು.

ಫೋನು ಬಂದಾಗ ಜಯಶೀಲಾ ಆಸ್ಪತ್ರೆಯಲ್ಲಿದ್ದಳು. ರೇವಣಸಿದ್ದಪ್ಪ ಅವಳನ್ನು ಕರೆತರಲು ಹೊರಟು ಬೂಟಿನ ದಾರ ಕಟ್ಟುತ್ತಿದ್ದ.

“ಅಪ್ಪಾ, ದೇರ್ ಈಸ್ ನೋ ಸ್ಟೋನ್ ಹಿಯರ್. ನೀ ಹೇಳಿದ ವೆಸ್ಟ್ ಸೈಡ್ ಪೂರ್ತಿ ಲಾನ್ ಐತಿ. ನಡುವ ಬೈಕ್ ಪಾತ್.”

“ಸರಿಯಾಗಿ ನೋಡಪಾ. ಲಿಂಡನ್ ಗಿಡದ ಸಾಲು ಐತಿ, ಅದರ ಹಿಂದ.”

“ಗಿಡ ಅದಾವ. ಐ ಆಸ್ಕ್ಡ್ ದ ಗಾರ್ಡನರ್. ಟ್ವೆಂಟಿ ಫೈವ್ ಇಯರ್ಸ್ ಆದಮ್ಯಾಲ ಕಲ್ಲಿಗೆ ಒಂದು ಹಳದಿ ಸ್ಟಿಕರ್ ಹಚ್ತಾರಂತ. ಫ್ಯಾಮಿಲಿ ಆಫೀಸಿಗೆ ಬರ್ರಿ ಅಂತ. ಒಂದು ವರ್ಷ ಇತ್ತಂತ ಅಪ್ಪಾ. ನೋಬಡಿ ಕೇಮ್.”

ರೇವಣಸಿದ್ದಪ್ಪ ನೆಲದ ಮೇಲೆಯೇ ಕೂತ. ಕಲ್ಲು ಏನು ಮಾಡಿದರು ಎಂದು ಕೇಳಿದ. ಮಗ ಹೇಳಲು ಹಿಂದೆಮುಂದೆ ನೋಡಿದ. ಹಳೆಯ ಕಲ್ಲುಗಳನ್ನು ಮಷೀನಿಗೆ ಹಾಕಿ ಜಲ್ಲಿ ಮಾಡುತ್ತಾರಂತೆ, ದಾರಿಗಳ ತಳಕ್ಕೆ. ಆಚೆಗಿನ ಹೊಲದಲ್ಲಿ ಹೊಸ ಮನೆಗಳೆದ್ದಿವೆ, ಅಲ್ಲಿಯ ಮಕ್ಕಳು ಈ ದಾರಿಯಲ್ಲೇ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರಂತೆ.

“ಅಮ್ಮಗ ಏನ್ ಹೇಳೋಣ? ಐ ಕ್ಯಾನ್ ಟೇಕ್ ಅ ಪಿಕ್ಚರ್ ಆಫ್ ಸಮ್ ಅದರ್ ಗ್ರೇವ್. ದೂರದಿಂದ ತೆಗಿತೀನಿ, ಲೆಟರ್ಸ್ ಕಾಣೂದಿಲ್ಲ.”

ತೆಗಿ, ಅಂದ ರೇವಣಸಿದ್ದಪ್ಪ. ಫೋನಿಟ್ಟ ಮೇಲೆ ಪಾದ್ರಿಯ ಮಾತು ನೆನಪಾಯಿತು, ಮರೆತೇ ಇಲ್ಲವೇನೋ ಎಂಬಷ್ಟು ಸ್ಪಷ್ಟವಾಗಿ. ಇಪ್ಪತ್ತೈದು ವರ್ಷ. ಆ ಲೆಕ್ಕ ತೀರಿದ್ದು, ಅವನು ಥಾರ್ನ್‌ಹಿಲ್ಲಿನಲ್ಲಿ ಮೈಕು ಹಿಡಿದು ಜನರನ್ನು ನಗಿಸಿದ ವರ್ಷವೇ ಇರಬೇಕು, ಅದರ ಆಚೆಈಚೆ. ಒಂದು ಫೋನು ಮಾಡಿದ್ದರೆ ಸಾಕಿತ್ತು. ಅವನಿಗೆ ಅಲ್ಲಿಯ ಭಾಷೆ ಬರುತ್ತಿತ್ತು, ಊರು ಗೊತ್ತಿತ್ತು, ದನ ದಾಟಿದ ಕಾಲದಿಂದ ಎಲ್ಲ ಗೊತ್ತಿತ್ತು. ಅವನು ಬಾಗಿಲ ಬಳಿ ಕೂತು ಅತ್ತ.

ಮಗ ಫೋಟೊ ತಂದ, ಕಾಲುಚೀಲದಲ್ಲಿ ದಾರಿಯ ಪಕ್ಕದ ಮಣ್ಣನ್ನೂ ತಂದ. ಅದನ್ನು ಕೊಡುವ ಕೆಲಸ ಅಪ್ಪನ ಪಾಲಿಗೆ ಬಂತು. ಆಸ್ಪತ್ರೆಯಲ್ಲಿ ಜಯಶೀಲಾಳ ತೋಳಿನಿಂದ ರಕ್ತ ಕೊಳವೆಯಲ್ಲಿ ಹೊರಟು ಯಂತ್ರದೊಳಗೆ ಸುತ್ತಿ ವಾಪಸ್ಸು ಬರುತ್ತಿತ್ತು. ಕಿಟಕಿಯಾಚೆ ಪಾರ್ಕಿಂಗ್ ಲಾಟಿನಲ್ಲಿ ಕೊನೆಯ ಕೊಳಕು ಹಿಮ ಕರಗುತ್ತಿತ್ತು. ಅವನು ಫೋಟೊ ಕಿಸೆಯಿಂದ ಅರ್ಧ ತೆಗೆದ. ಅವಳು ಕನ್ನಡಕಕ್ಕೆ ಕೈ ಚಾಚಿದಳು. ಆ ಮುಖ ನೋಡಿ ಅವನಿಗೆ ಕೈ ಮುಂದಕ್ಕೆ ಬರಲಿಲ್ಲ. ಯಾರದೋ ಮಗಳ ಕಲ್ಲಿಗೆ ಅವಳು ಕೈ ಮುಗಿಯುವುದನ್ನು ನೋಡಿಕೊಂಡು ಕೂರಲು ಅವನಿಂದ ಆಗುತ್ತಿರಲಿಲ್ಲ. ಫೋಟೊ ಒಳಗೆ ಹಾಕಿ, ಕುರ್ಚಿ ಹತ್ತಿರ ಎಳೆದುಕೊಂಡು, ಚರಿತ್ರೆ ಶುರು ಮಾಡಿದ.

ಜೌಗು, ಹೊಳೆ, ಸುಂಕದ ಕಟ್ಟೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಬೆಂಕಿ, ರೈಲು, ಯುದ್ಧ. ತಾವು ಊರು ಬಿಟ್ಟ ವರ್ಷ ಬಂತು. ಅವನು ನಿಲ್ಲಿಸಲಿಲ್ಲ, ಮಗ ಅಲ್ಲಿ ಕೇಳಿಕೊಂಡು ಬಂದದ್ದನ್ನು ಮುಂದಕ್ಕೆ ಸೇರಿಸಿದ. ಜಯಶೀಲಾ ಕಣ್ಣು ತೆರೆದಳು.

“ಆಮ್ಯಾಲ ಕಾರ್ಖಾನೆ ಮುಚ್ಚಿತು. ಸುತ್ತಲ ಹಳ್ಳಿ ಎಲ್ಲಾ ಸೇರಿಸಿ ದೊಡ್ಡ ಊರು ಮಾಡಿದರು. ದೇಶದ ನಡುವಿನ ಗೋಡೆ ಬಿದ್ದಮ್ಯಾಲ ಮತ್ತ ಪೂರ್ವದಿಂದ ಮಂದಿ ಬಂದರು. ಜಾಗಾ ಸಾಲಲಿಲ್ಲ. ಪಶ್ಚಿಮಕ್ಕ ಹೊಸಾ ಮನಿ ಕಟ್ಟಿದರು. ಹುಡುಗರಿಗೆ ಸಾಲಿಗೆ ಹೋಗಾಕ ದಾರಿ ಬೇಕಾತು...” ಅವನು ಕಿಟಕಿಯ ಕಡೆ ತಿರುಗಿದ. “ಹಳೇ ಗೋರಿ ಎಲ್ಲಾ ಸಮ ಮಾಡಿ ಹುಲ್ಲು ಹಾಕ್ಯಾರ.”

“ನೀಲವ್ವಂದು?”

“ಅದೂ.”

ಯಂತ್ರ ತನ್ನ ಪಾಡಿಗೆ ತಾನು ಗುಂಯ್ ಎನ್ನುತ್ತಿತ್ತು. ಪಾದ್ರಿ ಹೇಳಿದ್ದನ್ನೂ ಅವನು ಮುಚ್ಚಿಡಲಿಲ್ಲ. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. “ಕೈಯಾಗಿನ ಲಿಂಗ?” ಎಂದಳು. ಅದು ಒಳಗೇ ಇರುತ್ತದೆ, ಅಷ್ಟು ಆಳ ಯಾರೂ ಮುಟ್ಟುವುದಿಲ್ಲ ಎಂದು ಅವನು ಅಂದ. ಅದು ನಿಜವೋ ಅಲ್ಲವೋ ಅವನಿಗೂ ತಿಳಿಯದು. ಮಣ್ಣಿನ ವಿಷಯ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಅದಾದ ಮೇಲೆ ಆ ಮನೆಯಲ್ಲಿ ವೀಡನ್‌ಹೂಡೆಯ ಹೆಸರು ಯಾರೂ ಎತ್ತಲಿಲ್ಲ. ಸಂಘದಲ್ಲಿ ಯಾರೋ, “ಏನ್ರಿ ಜರ್ಮನ್ ಸಿದ್ದಪ್ಪ, ನಿಮ್ಮೂರು ಹೆಂಗೈತಿ?” ಎಂದು ಕೆಣಕಿದಾಗ, ಭಾಳ ಸುಧಾರಿಸೈತಿ ಎಂದಷ್ಟೇ ಹೇಳಿ ರೇವಣಸಿದ್ದಪ್ಪ ಎದ್ದು ಬಂದ.

ಜುಲೈನ ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತಿದ್ದಾಗ ಜಯಶೀಲಾ ತಾನಾಗಿ ಮಾತೆತ್ತಿದಳು. ಆ ಹೊತ್ತಿಗೆ ಅವಳ ಕೈ ಕಾಲು ಬಾತುಕೊಂಡು, ಎರಡು ಮಾತಿಗೆ ಉಸಿರು ಹತ್ತುತ್ತಿತ್ತು.

“ನನ್ನ ಸುಡ್ರಿ.”

ರೇವಣಸಿದ್ದಪ್ಪ ಬೆಚ್ಚಿಬಿದ್ದ. “ಏನ್ ಮಾತಾಡ್ತಿ? ನಿಮ್ಮಪ್ಪ, ನಿಮ್ಮವ್ವ, ನಮ್ಮ ಮನಿತನದಾಗ ಯಾರನ್ನರ ಸುಟ್ಟಾರೇನು?”

“ಸುಡ್ರಿ. ಬೂದಿ ನೀರಿಗೆ ಬಿಡ್ರಿ. ಯಾರೂ ಬಂದು ಎಬ್ಬಸೂದು ಬ್ಯಾಡ.”

“ಇಲ್ಲಿ ಹಂಗಿಲ್ಲ ಜಯಾ, ನಾ ಕೇಳೇನಿ. ಈ ದೇಶದಾಗ ವರ್ಷದ ಲೆಕ್ಕ ಇಲ್ಲ. ಒಮ್ಮೆ ತೊಗೊಂಡ್ರ ಕಾಯಂ.”

“ಅಲ್ಲೂ ಹಂಗs ಅಂದಿದ್ರಿ.”

ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಅದು ಬೇಲಿಯ ತನಕ ಬಂದು ತಿರುಗಿ ಹೋಗುವವರೆಗೆ ಅವನು ಕಾದ. ಆಮೇಲೆ, ಮಕ್ಕಳು ಕೇಳುವ ಹಾಗೆ, ಕೇಳಿದ.

“ಹಂಗಾದ್ರ ನಾ ಒಬ್ಬಾವನ ಮಲಗಬೇಕೇನು ಅಲ್ಲಿ?”

ಜಯಶೀಲಾ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಆಕಿ ಮಲಗಿದ್ಲಲ್ರಿ, ಒಬ್ಬಾಕಿನ.”